ಹೊಸ ಮುಲಾಮು: ಮೊದಲು ಚರ್ಮದ ಪರೀಕ್ಷೆ

ಕೊಟ್ಟೂರು ಶ್ರೀ ಗುರುಬಸವೇಶ್ವರ ಸ್ವಾಮಿಯ ಮಾಘಮಾಸದ ರಥೋತ್ಸವಕ್ಕೆ ದಾವಣಗೆರೆಯಿಂದಲೂ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಿಂದಲೂ ಸದ್ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ. ನಡೆದು ನಡೆದು ಅಂಗಾಲಿನಲ್ಲಿ ಬೊಬ್ಬೆಗಳೇಳುತ್ತವೆ. ಅಂಥವರಿಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟುವುದೂ ದಾಸೋಹವೇ. ಆದರೆ ಆ ಮುಲಾಮು ಮೈಗೊಗ್ಗದಿದ್ದರೆ ಅದರ ತುರಿಕೆ ಕಾಣಿಸಿಕೊಳ್ಳುವುದು ಒಂದೆರಡು ದಿನಗಳ ಮೇಲೆ, ಯಾತ್ರಿಕರು ಮನೆ ಸೇರಿದ ಬಳಿಕ. ಸೇವೆ ಮಾಡಿದವರಿಗೆ ಅದು ತಿಳಿಯುವುದೇ ಇಲ್ಲ. ಆದುದರಿಂದ ಈ ವಿಷಯವನ್ನು ನಾವು ಅರಿತಿರುವುದು ಒಳಿತು.

ಚರ್ಮಕ್ಕಾಗುವ ತೊಂದರೆ ಎರಡು ಬಗೆಯದು. ಮೊದಲನೆಯದು ಉರಿ. ಖಾರವಾದ ವಸ್ತು ತಗುಲಿದರೆ ಅದು ಯಾರಿಗಾದರೂ ಬೇಗನೆ ಆಗಬಹುದು. ಎರಡನೆಯದು ಅಲರ್ಜಿ. ಇದು ಕೆಲವರಿಗೆ ಮಾತ್ರ ಆಗುತ್ತದೆ. ಮೊದಲ ಸಲ ಹಚ್ಚಿದಾಗ ಏನೂ ತೋರದು. ದೇಹವು ಆ ವಸ್ತುವನ್ನು ಗುರುತಿಟ್ಟುಕೊಳ್ಳಲು ಸುಮಾರು ಹತ್ತು–ಹದಿನಾಲ್ಕು ದಿನ ಬೇಕು. ಮತ್ತೆ ಹಚ್ಚಿದಾಗ 24ರಿಂದ 72 ಗಂಟೆಗಳೊಳಗೆ ಕೆಂಪು, ತುರಿಕೆ, ನೀರುಗುಳ್ಳೆ ಏಳುತ್ತವೆ. ಗಾಯದ ಮುಲಾಮುಗಳಲ್ಲಿರುವ ನಿಯೋಮೈಸಿನ್, ಕೆಲವು ಪಟ್ಟಿಗಳ ಅಂಟಿನಲ್ಲಿರುವ ರಾಳ ಇದಕ್ಕೆ ಹೆಸರಾದ ಕಾರಣಗಳು.

ಇದನ್ನು ಪತ್ತೆಹಚ್ಚುವ ಪ್ಯಾಚ್ ಪರೀಕ್ಷೆಯನ್ನು 1895ರಲ್ಲಿ ಯಾಡಾಸ್ಸೋನ್ ಎಂಬ ಚರ್ಮವೈದ್ಯರು ಪಾದರಸದ ಮುಲಾಮು ಒಗ್ಗದ ರೋಗಿಗಳಲ್ಲಿ ಮಾಡಿ ತೋರಿಸಿದರು. ಇಂದು ವೈದ್ಯರು ಶಂಕಿತ ವಸ್ತುಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ. ಮೂರನೆಯ ಅಥವಾ ನಾಲ್ಕನೆಯ ದಿನ ಮತ್ತೊಮ್ಮೆ ನೋಡುತ್ತಾರೆ. ನಿಯೋಮೈಸಿನ್ ಏಳನೆಯ ದಿನಕ್ಕೆ ತೋರುವುದೂ ಉಂಟು.

ಮಾರುಕಟ್ಟೆಗೆ ಬರುವ ಮುನ್ನ ಹೊಸ ವಸ್ತುವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಚರ್ಮದ ಅಂಗಾಂಶದ ಮೇಲೆ ಪರೀಕ್ಷಿಸಬಹುದು. ಮನುಷ್ಯರ ಮೇಲಿನ ಒಂದು ಪರೀಕ್ಷೆಯಲ್ಲಿ ಮೂರು ವಾರ ಒಂಬತ್ತು ಸಲ ಒಂದೇ ಜಾಗಕ್ಕೆ ಅಂಟಿಸಿ, ಸುಮಾರು ಎರಡು ವಾರ ಬಿಡುವು ಕೊಟ್ಟು, ಬಳಿಕ ಹೊಸ ಜಾಗದಲ್ಲಿ ಅಂಟಿಸಿ ನೋಡುತ್ತಾರೆ. ನಮ್ಮ ದೇಶದಲ್ಲಿ ಹೊಸ ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸಲು 2019ರ ನಿಯಮಗಳಂತೆ ನೈತಿಕ ಸಮಿತಿಯ ಅನುಮತಿಯೂ ಭಾಗವಹಿಸುವವರ ತಿಳಿದ ಸಮ್ಮತಿಯೂ ಬೇಕು.

ಗಿಡಮೂಲಿಕೆಯದಾದರೆ ಭಯವಿಲ್ಲವೆಂಬುದು ತಪ್ಪು ತಿಳಿವಳಿಕೆ. ಮಡಿವಾಳರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ರಸವೂ, ಹೊಲದ ಬದುವಿನ ಕಾಂಗ್ರೆಸ್ ಗಿಡವೂ ಸಹಜವಾದವೇ. ಚರ್ಮಕ್ಕೆ ಎರಡೂ ಶತ್ರುಗಳು. ಅರಿಶಿನ ಕೂಡ ಕೆಲವರಿಗೆ ಒಗ್ಗುವುದಿಲ್ಲ.

ಹಚ್ಚಿ ಬಿಡುವಂಥ ಹೊಸ ಮುಲಾಮನ್ನು ಮನೆಯಲ್ಲಿ ಹೀಗೆ ನೋಡಬಹುದು. ಮೊಣಕೈ ಮಡಿಕೆಯ ಬಳಿ, ಗಾಯವಿಲ್ಲದ ಜಾಗದಲ್ಲಿ ರೂಪಾಯಿ ಬಿಲ್ಲೆಯಷ್ಟಗಲ ತೆಳುವಾಗಿ ಹಚ್ಚಬೇಕು. ಅದೇ ಜಾಗಕ್ಕೆ ದಿನಕ್ಕೆರಡು ಬಾರಿ, ಏಳು ದಿನ. ಕೆಂಪಾದರೆ, ತುರಿಸಿದರೆ ತೊಳೆದು ನಿಲ್ಲಿಸಬೇಕು. ಏನೂ ಆಗದಿದ್ದರೆ ಅಪಾಯ ಕಡಿಮೆಯೆಂದಷ್ಟೇ ಅರ್ಥ. ಹಿಂದೆ ಮುಖ ಬಾತಿದ್ದವರು, ಉಸಿರು ಕಟ್ಟಿದ್ದವರು ಇದನ್ನು ಮಾಡದೆ ಬಳ್ಳಾರಿ ಅಥವಾ ದಾವಣಗೆರೆಯ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ವಿಚಾರಿಸಲಿ.

ಪಾದಯಾತ್ರಿಕರಿಗೆ ಏಳು ದಿನ ಕಾಯುವ ಅವಕಾಶವಿಲ್ಲ. ಅವರ ಬೊಬ್ಬೆಯನ್ನು ಶುದ್ಧ ನೀರಿನಿಂದ ತೊಳೆದು, ಒಡೆಯದೆ, ಶುಭ್ರವಾದ ಬಟ್ಟೆಯ ಪಟ್ಟಿ ಕಟ್ಟೋಣ. ಮುಲಾಮು ಕೊಡಲೇಬೇಕಾದರೆ "ಹಿಂದೆ ಯಾವುದಾದರೂ ಮುಲಾಮು ಒಗ್ಗದೆ ಹೋಗಿತ್ತೇ?" ಎಂದು ಮೊದಲು ಕೇಳೋಣ, ಕೊಟ್ಟ ಮುಲಾಮಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಡೋಣ. ಮುಂದೆ ತೊಂದರೆಯಾದರೆ ವೈದ್ಯರಿಗೆ ಆ ಚೀಟಿಯೇ ದಾರಿ ತೋರುತ್ತದೆ.