ಕ್ರಿಸ್ತ ಜಯಂತಿಯೂ ತ್ಯಾಗದ ಪ್ರೀತಿಯೂ

ಓದತಕ್ಕ ಭಾಗಗಳು: ಯಾಜಕಕಾಂಡ ೧೨:೬–೮, ಲೂಕ ೨:೧–೨೪, ೨ ಕೊರಿಂಥ ೮:೧–೧೫.

ನಮ್ಮ ಕರ್ತನ ಜನನವನ್ನು ನೆನಸುವಾಗ ನಾವು ಗೋದಲಿಯನ್ನೂ ಕುರುಬರನ್ನೂ ದೇವದೂತರ ಗೀತವನ್ನೂ ಸ್ಮರಿಸುವುದುಂಟು. ಆದರೆ ಲೂಕನು ಅದೇ ಅಧ್ಯಾಯದಲ್ಲಿ ಬರೆದಿಟ್ಟ ಇನ್ನೊಂದು ಸಂಗತಿಯನ್ನು ಗಮನಿಸದೆ ದಾಟಿಹೋಗುತ್ತೇವೆ. ಅದನ್ನೇ ಈ ಪಾಠದಲ್ಲಿ ವಿಚಾರಿಸೋಣ.

೧. ಬಡವರ ಕಾಣಿಕೆ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಗಂಡುಮಗುವನ್ನು ಹೆತ್ತ ತಾಯಿಯು ೪೦ ದಿವಸಗಳಾದ ಮೇಲೆ ಒಂದು ವರುಷದ ಕುರಿಯನ್ನೂ ಒಂದು ಹಕ್ಕಿಯನ್ನೂ ಯಾಜಕನ ಬಳಿಗೆ ತರಬೇಕಾಗಿತ್ತು. ಕುರಿಯನ್ನು ತರುವುದಕ್ಕೆ ಗತಿಯಿಲ್ಲದವಳು ಎರಡು ಬೆಳವಕ್ಕಿಗಳನ್ನಾಗಲಿ ಎರಡು ಪಾರಿವಾಳದ ಮರಿಗಳನ್ನಾಗಲಿ ತಂದರೆ ಸಾಕೆಂದು ದೇವರು ದಯೆಯಿಂದ ಅಪ್ಪಣೆಕೊಟ್ಟಿದ್ದನು. ಮರಿಯಳೂ ಯೋಸೇಫನೂ ಯೆರೂಸಲೇಮಿಗೆ ಹೋದ ಸಂಗತಿಯನ್ನು ಹೇಳುವಾಗ ಲೂಕನು ಹಕ್ಕಿಗಳ ಜೋಡಿಯನ್ನು ಮಾತ್ರ ತಿಳಿಸುತ್ತಾನೆ. ಕುರಿಯ ಮಾತೇ ಇಲ್ಲ.

ಕುರಿಯ ಬೆಲೆ ಎಷ್ಟೆಂಬುದು ಹಳ್ಳಿಯವರಾದ ನಮಗೆ ತಿಳಿಯದ ವಿಷಯವಲ್ಲ. ಸಂತೆಯಲ್ಲಿ ಅದರ ಕ್ರಯವನ್ನು ಕೇಳಿ ಬರಿಗೈಯಿಂದ ಹಿಂದಿರುಗಿದವರು ನಮ್ಮಲ್ಲಿಯೂ ಇದ್ದಾರೆ. ದೇವಕುಮಾರನು ಅಂಥವರ ಮಗನಾಗಿ ಹುಟ್ಟಿದನು. ಕುರಿಯನ್ನು ಕೊಡಲಾರದ ಆ ತಾಯಿಯು ಎತ್ತಿಕೊಂಡಿದ್ದ ಶಿಶುವನ್ನೇ ಸ್ನಾನಿಕನಾದ ಯೋಹಾನನು ಮುಂದೆ ದೇವರ ಕುರಿಯೆಂದು ಜನರಿಗೆ ತೋರಿಸಿಕೊಟ್ಟನು (ಯೋಹಾನ ೧:೨೯). ಮನುಷ್ಯರು ಒಪ್ಪಿಸಲಾರದ ಯಜ್ಞವನ್ನು ದೇವರು ತಾನೇ ಒದಗಿಸಿದನು. ಆದಕಾರಣ ಗೋದಲಿಯನ್ನೂ ಶಿಲುಬೆಯನ್ನೂ ಬೇರೆಬೇರೆಯಾಗಿ ಎಣಿಸಬಾರದು. ಬೇತ್ಲೆಹೇಮಿನಲ್ಲಿ ತನ್ನ ಮಹಿಮೆಯನ್ನು ಬಿಟ್ಟುಬಂದ ಪ್ರೀತಿಯೇ ಗೊಲ್ಗೊಥದಲ್ಲಿ ತನ್ನ ಪ್ರಾಣವನ್ನು ಕೊಟ್ಟಿತು.

೨. ಪೌಲನ ಬೋಧನೆ. ಸುಮಾರು ಕ್ರಿ. ಶ. ೫೬ರಲ್ಲಿ ಪೌಲನು ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಸಭೆಗಳಲ್ಲಿ ಹಣ ಕೂಡಿಸುತ್ತಿದ್ದನು. ಮಕೆದೋನ್ಯದವರು ತಾವೇ ಕಡುಬಡವರಾಗಿದ್ದರೂ ಶಕ್ತಿಮೀರಿ ಕೊಟ್ಟರು. ಕೊರಿಂಥದವರಾದರೋ ಹಿಂದಿನ ವರುಷವೇ ಆರಂಭಿಸಿದ ಕೆಲಸವನ್ನು ಇನ್ನೂ ಪೂರೈಸಿರಲಿಲ್ಲ. ಪೌಲನು ಅವರನ್ನು ಗದರಿಸಲಿಲ್ಲ, ಆಜ್ಞಾಪಿಸಲೂ ಇಲ್ಲ. ಐಶ್ವರ್ಯವಂತನಾದ ಕ್ರಿಸ್ತನು ಅವರಿಗೋಸ್ಕರ ಬಡವನಾದನೆಂಬುದನ್ನು ಮಾತ್ರ ಅವರ ಮುಂದಿಟ್ಟನು. ನೋಡಿರಿ, ಕ್ರಿಸ್ತ ಜಯಂತಿಯ ಈ ಮಹಾ ಸತ್ಯವನ್ನು ಅಪೊಸ್ತಲನು ಹಬ್ಬದ ಪ್ರಸಂಗದಲ್ಲಿ ಹೇಳಲಿಲ್ಲ. ಹಸಿದವರ ಸಹಾಯಕ್ಕಾಗಿ ಬರೆದ ಪತ್ರದಲ್ಲಿ ಹೇಳಿದನು.

೩. ನಮ್ಮ ನಡತೆ. ನಮ್ಮಲ್ಲಿ ಹಬ್ಬ ಬಂತೆಂದರೆ ಸಾಹುಕಾರನ ಬಾಗಲಿಗೆ ಹೋಗಿ ಸಾಲ ತರುವವರಿದ್ದಾರೆ. ಹೊಸ ಬಟ್ಟೆಯಿಲ್ಲವೆಂದು ನಾಚಿ ಆರಾಧನೆಗೆ ಬಾರದೆ ಮನೆಯಲ್ಲಿಯೇ ಕುಳಿತುಕೊಳ್ಳುವ ವಿಧವೆಯರೂ ಇದ್ದಾರೆ. ಹಕ್ಕಿಗಳ ಕಾಣಿಕೆಯನ್ನು ತಂದವರ ಮಗನ ಹಬ್ಬದಲ್ಲಿ ಬಡವರು ನಾಚಿಕೊಳ್ಳುವಂತಾದರೆ ನಾವು ಯಾರ ಹಬ್ಬವನ್ನು ಆಚರಿಸುತ್ತೇವೆ? ಸಾಲಮಾಡಿ ಮೆರೆಯುವುದು ತ್ಯಾಗವಲ್ಲ. ನಮ್ಮ ಪಾಲಿನಿಂದ ಒಂದು ಸೇರು ಅಕ್ಕಿಯನ್ನು ತೆಗೆದು ಇಲ್ಲದವರ ಮನೆಗೆ ಸದ್ದಿಲ್ಲದೆ ಮುಟ್ಟಿಸುವುದು ತ್ಯಾಗ. ಬದುವಿನ ವ್ಯಾಜ್ಯದಲ್ಲಿ ಮಾತುಬಿಟ್ಟ ಅಣ್ಣನ ಮನೆಗೆ ನಾವೇ ಮೊದಲು ಹೋಗುವುದೂ ತ್ಯಾಗ. ಯಾಕಂದರೆ ಕರ್ತನು ನಾವು ಬರುವ ತನಕ ಕಾದಿರದೆ ತಾನೇ ನಮ್ಮ ಬಳಿಗೆ ಬಂದನು.

ಆದರೂ ಇವುಗಳಿಂದ ಪುಣ್ಯವನ್ನು ಸಂಪಾದಿಸುತ್ತೇವೆಂದು ಯಾರೂ ನೆನಸಬಾರದು. ರಕ್ಷಣೆಯು ದೇವರ ಉಚಿತ ವರವೇ. ಅದನ್ನು ಹೊಂದಿದವರ ಕೈ ತಾನಾಗಿ ತೆರೆಯುತ್ತದೆ. ಮಕೆದೋನ್ಯದವರು ಹಣಕ್ಕಿಂತ ಮುಂಚೆ ತಮ್ಮನ್ನೇ ಕರ್ತನಿಗೆ ಒಪ್ಪಿಸಿಕೊಟ್ಟರು. ನಾವೂ ಅಲ್ಲಿಂದಲೇ ಆರಂಭಿಸೋಣ.

ಮನೆಯವರು ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು:

೧. ಮರಿಯಳು ಕುರಿಯನ್ನು ತಾರದೆ ಹಕ್ಕಿಗಳನ್ನು ತಂದದ್ದು ಯಾಕೆ?

೨. ಪೌಲನು ಕೊರಿಂಥದವರಿಗೆ ಯಾರ ಬಡತನವನ್ನು ನೆನಪಿಗೆ ತಂದನು?

೩. ಈ ಹಬ್ಬದಲ್ಲಿ ನಮ್ಮ ಪಾಲಿನಿಂದ ಯಾರಿಗೆ, ಏನನ್ನು ಕೊಡೋಣ?