ವಿಮಾನಾಪಘಾತದ ವಿಚಾರಣೆಯಲ್ಲಿ ಸಾಕ್ಷಿಯ ಮಾತು

ಕಣ್ಣಾರೆ ಕಂಡವನೇ ಸಾಕ್ಷಿ ಎಂಬುದು ಆ ಶಬ್ದದ ವ್ಯುತ್ಪತ್ತಿಯಿಂದಲೇ ಸಿದ್ಧವಾದ ಅರ್ಥ. ಆದರೆ ಅವನು ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಮಡಿದರು. ಉಳಿದವರು ಎಂಟು ಪ್ರಯಾಣಿಕರು ಮಾತ್ರ. ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ವಿಚಾರಣಾ ನ್ಯಾಯಾಲಯಕ್ಕೆ ಕಾರಣವನ್ನು ತೋರಿಸಿಕೊಟ್ಟದ್ದು ಮುಖ್ಯವಾಗಿ ಧ್ವನಿಮುದ್ರಣ ಯಂತ್ರ. ಮುಖ್ಯ ಚಾಲಕನು ಬಹುಹೊತ್ತು ನಿದ್ರಿಸಿದ್ದನೆಂಬುದೂ, ಇಳಿಯದೆ ಮತ್ತೆ ಮೇಲೇರುವಂತೆ ಸಹಚಾಲಕನು ಮೂರು ಬಾರಿ ಎಚ್ಚರಿಸಿದನೆಂಬುದೂ ಅದರಿಂದ ತಿಳಿದುಬಂದವು. ಹಿಂದೆ ಕುಳಿತ ಪ್ರಯಾಣಿಕನಿಗೆ ಇವು ಗೋಚರವಾಗುವುದೆಂತು? ದೊಡ್ಡ ಸದ್ದಾಯಿತೆಂದು ಅವನು ಹೇಳಿದರೆ ಅದು ಸಾಕ್ಷ್ಯ; ಚಕ್ರ ಒಡೆಯಿತೆಂದರೆ ಅದು ಅನುಮಾನ.

1990ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ಇಂಡಿಯನ್ ಏರ್‌ಲೈನ್ಸಿನ ವಿಮಾನ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿ 92 ಮಂದಿ ಸತ್ತಾಗಲೂ ಸ್ಥಿತಿ ಇದೇ. ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿದ್ದುದು ಬದುಕುಳಿದ 54 ಜನರ ಅರಿವಿಗೆ ಬರುವ ಸಂಗತಿಯಲ್ಲ.

ಹಾಗೆಂದು ಯಂತ್ರವಿರಲು ಮನುಷ್ಯನ ಮಾತೇಕೆ ಎಂದು ತಳ್ಳಿಹಾಕುವುದು ಅವಿವೇಕವೇ ಸರಿ. ಯಾಜ್ಞವಲ್ಕ್ಯ ಸ್ಮೃತಿಯು ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರನ್ನೂ ಪ್ರಮಾಣವೆಂದಿದೆ. ಯಂತ್ರದ ದಾಖಲೆಯನ್ನು ಲಿಖಿತವೆಂದೆಣಿಸಿದರೂ ಸಾಕ್ಷಿಯ ಸ್ಥಾನ ಉಳಿದೇ ಇರುತ್ತದೆ. ಮಿಥ್ಯಾವಾದಿಯ ಲಕ್ಷಣಗಳನ್ನೂ ಆ ಸ್ಮೃತಿ ಹೇಳುತ್ತದೆ: ಹಣೆ ಬೆವರುವುದು, ಮುಖ ವಿವರ್ಣವಾಗುವುದು, ಬಾಯಿ ಒಣಗಿ ಮಾತು ತೊದಲುವುದು, ಪೂರ್ವಾಪರ ವಿರುದ್ಧವಾಗಿ ನುಡಿಯುವುದು. ಉರಿಯುವ ವಿಮಾನದಿಂದ ಹೊರಬಿದ್ದವನಲ್ಲಿ ಇವೆಲ್ಲವೂ ಕಾಣಬಹುದಲ್ಲವೇ? ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದವನೂ, ಕಲಬುರ್ಗಿ ಸೀಮೆಯ ಮರತೂರಿನವನೆಂದು ಪ್ರತೀತಿಯುಳ್ಳವನೂ ಆದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಇಲ್ಲಿಯೇ ತಡೆದು ನಿಲ್ಲಿಸುತ್ತಾನೆ. ಈ ಲಕ್ಷಣಗಳಿಂದ ದೋಷದ ಸಂಭಾವನೆಯಷ್ಟೇ, ನಿಶ್ಚಯವಿಲ್ಲ. ಸಹಜ ವಿಕಾರವಾವುದು, ನಿಮಿತ್ತದಿಂದಾದುದಾವುದು ಎಂದು ತಿಳಿಯುವುದು ಕಷ್ಟವೆಂಬುದು ಅವನ ವಿವರಣೆ. ಅಂದೋಲಾ ಪ್ರಾಂತದ ವಿದ್ಯಾರ್ಥಿಗೆ ನೆರೆಯ ಊರಿನವನೆನಿಸುವ ಪಂಡಿತನ ಈ ಸೂಕ್ಷ್ಮತೆ ಇಂದಿನ ತನಿಖೆಗಾರನಿಗೂ ಬೇಕು. ಏಕೆಂದರೆ ಅಂತರರಾಷ್ಟ್ರೀಯ ನಿಯಮದಂತೆ ಇಂಥ ತನಿಖೆಯ ಗುರಿ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ಅಪರಾಧಿಯನ್ನು ಹುಡುಕುವುದಲ್ಲ. ತೊದಲಿದ ಮಾತನ್ನು ಸುಳ್ಳೆಂದು ಬಿಟ್ಟರೆ ಅದರೊಳಗಿನ ತಥ್ಯವೂ ಕೈತಪ್ಪುತ್ತದೆ.

ಮಂಗಳೂರಿನಲ್ಲಿ ವಿಮಾನದ ಸಿಬ್ಬಂದಿ ಆರು ಜನರೂ ತೀರಿಕೊಂಡಿದ್ದರು. ಬದುಕಿದವರು ಹೊರಬಂದದ್ದು ಬಾಗಿಲಿನಿಂದಲ್ಲ, ಸೀಳಿದ ಒಡಲಿನ ಬಿರುಕಿನಿಂದ. ಹೊಗೆ ಎತ್ತಲಿಂದ ಬಂತು, ಪಟ್ಟಿ ಬಿಚ್ಚಲು ಎಷ್ಟು ಹೊತ್ತಾಯಿತು, ಬೆಳಕು ಯಾವ ಕಡೆ ಕಂಡಿತು ಎಂಬುದನ್ನು ಹೇಳಬಲ್ಲವರು ಆ ಎಂಟು ಮಂದಿ ಮಾತ್ರ. ಚಾಲಕರ ಕೋಣೆಯ ಮುದ್ರಿಕೆಯಲ್ಲಿ ಅದಾವುದೂ ಇರುವುದಿಲ್ಲ.