ಮೂಕಿ ಎದ್ದೀತು, ಜೋಕೆ! ಮೋಟರ್‌ಹೋಮಿನ ಹಿಂದೆ ಗಾಲ್ಫ್ ಕಾರ್ಟ್ ಒಯ್ಯುವವರಿಗೆ ಹನ್ನೆರಡು ಸೂತ್ರಗಳು

ಅಮೆರಿಕದ ದೊಡ್ಡ ಕ್ಯಾಂಪ್‌ಗ್ರೌಂಡ್ ಎಂದರೆ ನಾಲ್ಕು ಗುಡಾರ, ಒಂದು ಬೆಂಕಿಗುಂಡಿ ಅಲ್ಲ. ದಕ್ಷಿಣ ಕೆರೊಲೈನಾದ ಮಿರ್ಟಲ್ ಬೀಚಿನಲ್ಲಿರುವ ಓಷನ್ ಲೇಕ್ಸ್ ಒಂದೇ 310 ಎಕರೆ. ನಮ್ಮ ಗಾಡಿ ನಿಂತ ಜಾಗದಿಂದ ಕಡಲು, ಈಜುಕೊಳ, ಅಂಗಡಿ ಎಲ್ಲವೂ ದೂರ. ನೀರು, ಕರೆಂಟು, ಕೊಳಚೆ ಪೈಪು ಜೋಡಿಸಿ ನಿಲ್ಲಿಸಿದ ಮೋಟರ್‌ಹೋಮನ್ನು ಒಂದು ಕ್ಯಾನ್ ಹಾಲಿಗಾಗಿ ಎಬ್ಬಿಸಲು ಯಾರಿಗೂ ಮನಸ್ಸಾಗದು. ಹಾಗಾಗಿ ಇಂಥ ಕಡೆ ಜೀವಮಾನದಲ್ಲಿ ಗಾಲ್ಫ್ ಕೋಲು ಮುಟ್ಟದವರ ಬಳಿಯೂ ಗಾಲ್ಫ್ ಕಾರ್ಟ್ ಇರುತ್ತದೆ.

ನಮಗೆ ಅದು ಬೇಕಾದದ್ದು ಮಾವನವರ ಮಂಡಿನೋವಿನಿಂದಾಗಿ. ಮಂಡ್ಯದಿಂದ ಮಗಳ ಮನೆಗೆ ಬಂದಿದ್ದ ಅವರಿಗೆ ಕಡಲು ತೋರಿಸಬೇಕಿತ್ತು. ಅಟ್ಲಾಂಟದಿಂದ ಸುಮಾರು 360 ಮೈಲಿ. ಆ ಪ್ರಯಾಣ ಮತ್ತು ಆಮೇಲಿನ ಕೆಲವು ಪ್ರಯಾಣಗಳು ಕಲಿಸಿದ್ದು ಇಲ್ಲಿದೆ. ಸ್ಟಿಯರಿಂಗ್ ಹಿಡಿದು ಕಲಿತದ್ದು ಕಡಿಮೆ. ಗಾಡಿ ನಿಂತಿದ್ದಾಗ ಬಗ್ಗಿ ನೋಡಿ ಕಲಿತದ್ದೇ ಹೆಚ್ಚು.

1. ಮೊದಲು ಫೋನ್ ಮಾಡಿ, ಆಮೇಲೆ ಟ್ರೇಲರ್ ಹುಡುಕಿ

ಹೊರಗಿನ ಕಾರ್ಟ್ ಬಿಡುತ್ತೀರಾ? ವಿಮೆಯ ಕಾಗದ ಬೇಕೇ? ಪೆಟ್ರೋಲಿನದಾದರೂ ಆದೀತೇ, ಬ್ಯಾಟರಿಯದೇ ಆಗಬೇಕೇ? ಟ್ರೇಲರ್ ಎಲ್ಲಿ ನಿಲ್ಲಿಸಬೇಕು? ಈ ನಾಲ್ಕನ್ನು ಕೇಳದೆ ಹೊರಡಬೇಡಿ. ಕೆಲವು ಕ್ಯಾಂಪ್‌ಗ್ರೌಂಡ್‌ಗಳು ತಮ್ಮಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ ಎನ್ನುತ್ತವೆ. ರಾಷ್ಟ್ರೀಯ ಉದ್ಯಾನಗಳ ಕಡೆ ಹೋಗುವವರಾದರೆ ಕಾರ್ಟನ್ನು ಮನೆಯಲ್ಲೇ ಬಿಡುವುದು ಒಳ್ಳೆಯದು, ನಂಬರ್ ಪ್ಲೇಟಿಲ್ಲದ ಗಾಡಿಗೆ ಅಲ್ಲಿ ಸಾಮಾನ್ಯವಾಗಿ ಜಾಗವಿಲ್ಲ. ನನ್ನ ಲೆಕ್ಕ ಹೀಗಿದೆ: ಎರಡು ಮೂರು ರಾತ್ರಿಗಾದರೆ ಬಾಡಿಗೆ, ವಾರ ದಾಟಿದರೆ ಸ್ವಂತದ್ದು. ಬಾಡಿಗೆ ಮೋಟರ್‌ಹೋಮಿನಲ್ಲಿ ಹೋಗುವವರು ಕರಾರುಪತ್ರ ಓದಿ. ಹಿಂದೆ ಏನನ್ನೂ ಎಳೆಯಬಾರದು ಎಂಬ ಸಾಲು ಅದರಲ್ಲಿ ಇರಬಹುದು.

2. ಕಾರ್ಟನ್ನು ಅದರ ಚಕ್ರಗಳ ಮೇಲೆ ಎಳೆಯಬೇಡಿ

ಸಣ್ಣ ಕಾರನ್ನು ನಾಲ್ಕೂ ಚಕ್ರ ನೆಲದಲ್ಲೇ ಇಟ್ಟು ಎಳೆಯುವವರನ್ನು ಕಂಡು ಕಾರ್ಟಿಗೂ ಹಾಗೇ ಮಾಡಬಹುದಲ್ಲ ಎನಿಸುತ್ತದೆ. ಆಗದು. ಕಾರ್ಟ್ ಹುಟ್ಟಿರುವುದು ಗಂಟೆಗೆ 12ರಿಂದ 15 ಮೈಲಿಗೆ. ಅದರ ಟೈರು ಹೆದ್ದಾರಿಯ ವೇಗಕ್ಕೆ ಮಾಡಿದ್ದಲ್ಲ. ಬ್ಯಾಟರಿ ಕಾರ್ಟಿನಲ್ಲಿ ಹಿಂಚಕ್ರ ತಿರುಗಿದರೆ ಮೋಟರೂ ಜೊತೆಗೇ ತಿರುಗುತ್ತದೆ. 60 ಮೈಲಿ ವೇಗದಲ್ಲಿ ಎಳೆದರೆ ಅದು ತನ್ನ ಮಿತಿಯ ನಾಲ್ಕೈದು ಪಟ್ಟು ಸುತ್ತಿ ಒಳಗೇ ಚೂರಾಗಬಹುದು. ಮೋಟರ್‌ಹೋಮಿನ ಬೆನ್ನಿಗೆ ಸ್ಕೂಟರ್ ನೇತುಹಾಕುವ ಚೌಕಟ್ಟೂ ಕಾರ್ಟಿನ ತೂಕ ತಡೆಯದು. ಉಳಿದದ್ದು ಎರಡೇ ದಾರಿ. ಹಿಂಭಾಗದಲ್ಲಿ ಗ್ಯಾರೇಜು ಇರುವ ‘ಟಾಯ್ ಹಾಲರ್’ ಮಾದರಿಯ ಮೋಟರ್‌ಹೋಮ್ ಕೊಳ್ಳುವುದು, ಇಲ್ಲವೇ ಟ್ರೇಲರ್. ಮೊದಲನೆಯದು ಜೇಬಿಗೆ ಬಿಟ್ಟ ಮಾತು.

3. ಟೇಪು ಹಿಡಿದು ಅಳೆಯಿರಿ

ಇಬ್ಬರು ಕೂರುವ ಕಾರ್ಟ್ ಸುಮಾರು 8 ಅಡಿ ಉದ್ದ, 4 ಅಡಿ ಅಗಲ. ಹಿಂದೆ ಇನ್ನೊಂದು ಸೀಟು ಹಾಕಿಸಿದ್ದರೆ 9 ಅಡಿ ಮುಟ್ಟುತ್ತದೆ. 5 ಅಡಿ ಅಗಲ, 8 ಅಡಿ ಉದ್ದದ ಟ್ರೇಲರ್ ಅಗ್ಗವಾಗಿ ಸಿಗುತ್ತದೆ, ಆದರೆ ನನ್ನ ಸಲಹೆ 10 ಅಡಿಯದು. ಆ ಎರಡು ಅಡಿ ಏಕೆ ಬೇಕೆಂದು ಐದನೇ ಸೂತ್ರದಲ್ಲಿ ತಿಳಿಯುತ್ತದೆ. ಮೋಟರ್‌ಹೋಮು, ಟ್ರೇಲರು ಸೇರಿದ ಒಟ್ಟು ಉದ್ದವನ್ನೂ ಲೆಕ್ಕ ಹಾಕಿಕೊಳ್ಳಿ. ಹಲವು ರಾಜ್ಯಗಳಲ್ಲಿ ಮಿತಿ 65 ಅಡಿ, ಕೆಲವೆಡೆ ಅದಕ್ಕೂ ಕಡಿಮೆ.

4. ತೂಕ ಊಹಿಸಬೇಡಿ, ತೂಗಿ

ಹಳೆಯ ಮಾದರಿಯ ಸೀಸದ ಬ್ಯಾಟರಿಗಳಿರುವ ಕಾರ್ಟ್ ಸುಮಾರು 1,000 ಪೌಂಡ್, ಅಂದರೆ 450 ಕಿಲೋ. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೀ ಬ್ಯಾಟರಿ. ಲಿಥಿಯಂ ಹಾಕಿಸಿದ್ದರೆ ಇನ್ನೂರು ಪೌಂಡಿಗೂ ಮಿಕ್ಕಿ ಹಗುರ. ಟ್ರೇಲರಿನದು ಇನ್ನೊಂದು 600 ಪೌಂಡ್. ಕಾರ್ಟ್ ಕಟ್ಟುವ ಪಟ್ಟಿ, ಜ್ಯಾಕು, ಹೆಚ್ಚುವರಿ ಚಕ್ರ ಸೇರಿ 1,700 ಎನ್ನಿ. ಮೋಟರ್‌ಹೋಮಿನ ಹಿಂದಿನ ಕೊಂಡಿಯ, ಅಂದರೆ ಹಿಚ್ಚಿನ, ಮೇಲೆ 5,000 ಪೌಂಡ್ ಎಂದು ಬರೆದಿರಬಹುದು. ಅದನ್ನು ಕಂಡು ಹಿಗ್ಗಬೇಡಿ. ಗಾಡಿ ಮತ್ತು ಎಳೆಯುವ ಸಾಮಾನು ಸೇರಿ ಇಷ್ಟೇ ಇರಬೇಕು ಎಂಬ ಇನ್ನೊಂದು ಸಂಖ್ಯೆ ಚಾಲಕನ ಬಾಗಿಲ ಬಳಿಯ ಫಲಕದಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಎರಡರಲ್ಲಿ ಯಾವುದು ಮೊದಲು ತುಂಬುತ್ತದೋ ಅದೇ ನಿಮ್ಮ ಮಿತಿ. ಅಕ್ಕಿ, ಬೇಳೆ, ಕುರ್ಚಿ, ಸೈಕಲ್ಲು, ನಾಲ್ಕು ಜನ ಸಮೇತ ಟ್ರಕ್ ನಿಲ್ದಾಣದ ವೇಬ್ರಿಡ್ಜ್ ಹತ್ತಿಸಿ ಒಮ್ಮೆ ತೂಗಿಸಿ. ಗಾಬರಿಯಾಗುವಷ್ಟು ಬಂದರೆ ಕುಡಿಯುವ ನೀರಿನ ಟ್ಯಾಂಕ್ ಖಾಲಿ ಮಾಡಿ. 50 ಗ್ಯಾಲನ್ ನೀರೆಂದರೆ 417 ಪೌಂಡ್, ಹತ್ತಿರ ಹತ್ತಿರ ಅರ್ಧ ಕಾರ್ಟಿನ ಭಾರ. ತಲುಪಿದ ಮೇಲೆ ಅಲ್ಲೇ ನಲ್ಲಿ ಇದೆ.

5. ಮೂಕಿಯ ಭಾರ ನೋಡಿ

ಇದೊಂದನ್ನು ಓದಿ ಉಳಿದದ್ದನ್ನು ಬಿಟ್ಟರೂ ಬೇಸರವಿಲ್ಲ. ಮೊದಲ ಸಲ ಕಾರ್ಟನ್ನು ಟ್ರೇಲರಿಗೆ ಹತ್ತಿಸಿ, ಹಿಂಬಾಗಿಲಿಗೆ ಹತ್ತಿರವಾಗಿ ನಿಲ್ಲಿಸಿ, ಕೈ ಒರೆಸಿಕೊಂಡೆ. ಇಳಿಸುವಾಗ ಸುಲಭವಾಗಲಿ ಎಂಬ ಆಲೋಚನೆ ನನ್ನದು. ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಮಾವ ಅಲ್ಲಿಂದಲೇ ಹೇಳಿದರು, “ಅಳಿಯಂದ್ರೇ, ಮೂಕಿ ಎದ್ದೋಯ್ತದೆ. ಮುಂದಕ್ ತಗೊಳಿ.”

ಮೂವತ್ತು ವರ್ಷ ಎತ್ತಿನ ಗಾಡಿಯಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆದವರು ಅವರು. ಹಿಂದೆ ಹೆಚ್ಚು ಹೇರಿದರೆ ಮೂಕಿ, ಅಂದರೆ ಗಾಡಿಯಿಂದ ಮುಂದಕ್ಕೆ ಚಾಚಿದ ಮರ, ಮೇಲೆದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ, ಮುಂದೆ ಹೆಚ್ಚು ಹೇರಿದರೆ ನೊಗ ಕುತ್ತಿಗೆಯನ್ನು ಒತ್ತುತ್ತದೆ. ಟ್ರೇಲರಿನ ಲೆಕ್ಕವೂ ಅದೇ, ಎತ್ತಿನ ಜಾಗದಲ್ಲಿ ಹಿಚ್ ಇದೆ ಅಷ್ಟೆ. ಒಟ್ಟು ಭಾರದ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ ಕೂರಬೇಕು. ನಮ್ಮ 1,700 ಪೌಂಡಿಗೆ 170ರಿಂದ 255. ಕಡಿಮೆಯಾದರೆ ಟ್ರೇಲರ್ ಹೆದ್ದಾರಿಯಲ್ಲಿ ಹಾವಿನ ಬಾಲದಂತೆ ಆಡತೊಡಗುತ್ತದೆ.

ಅಳೆಯುವುದು ಕಷ್ಟವಲ್ಲ. ಕಾರ್ಟ್ ಹತ್ತಿಸಿ ಕಟ್ಟಿದ ಮೇಲೆ, ಸಮನೆಲದಲ್ಲಿ ಟ್ರೇಲರಿನ ಚಕ್ರಗಳಿಗೆ ಅಡೆ ಕೊಟ್ಟು, ಮೂಕಿಯನ್ನು ಜ್ಯಾಕಿನಿಂದ ಎತ್ತಿ ಹಿಚ್ ಬಿಡಿಸಿ. ಬಚ್ಚಲುಮನೆಯಲ್ಲಿರುವ ತೂಕದ ಯಂತ್ರವನ್ನು ಮರದ ದಿಮ್ಮಿಯ ಮೇಲಿಟ್ಟು, ಮೂಕಿಯನ್ನು ನಿಧಾನಕ್ಕೆ ಅದರ ಮೇಲೆ ಇಳಿಸಿ. ಕಾರ್ಟಿನ ಭಾರವೆಲ್ಲ ಸೀಟಿನ ಕೆಳಗೆ, ಸ್ವಲ್ಪ ಹಿಂದಕ್ಕೇ ಇರುತ್ತದೆ. ಆದ್ದರಿಂದ ಒಂದು ಅಡಿ ಮುಂದೆ ಸರಿಸಿದರೂ ಮುಳ್ಳು ನಾಲ್ಕು ಗೆರೆ ಹಾರುತ್ತದೆ. ಅದಕ್ಕೇ 10 ಅಡಿಯ ಟ್ರೇಲರ್ ಬೇಕೆಂದದ್ದು. ಜಾಗ ಸಾಲದಿದ್ದರೆ ಕಾರ್ಟನ್ನು ರಿವರ್ಸಿನಲ್ಲಿ ಹತ್ತಿಸಿ ನೋಡಿ. ಸರಿಹೋದ ಜಾಗಕ್ಕೆ ಹಲಗೆಯ ಮೇಲೆ ಬಣ್ಣದ ಗೆರೆ ಎಳೆದುಬಿಡಿ. ಮುಂದಿನ ಸಲ ತೂಗುವ ರಗಳೆ ಇಲ್ಲ.

6. ಹಿಚ್ಚಿಗೆ ಜೋಡಿಸದೆ ಹತ್ತಿಸಬೇಡಿ

ಬಿಡಿ ಟ್ರೇಲರಿನ ಹಿಂಬಾಗಿಲ ಮೇಲೆ ಕಾರ್ಟ್ ಚಕ್ರ ಇಟ್ಟ ಕೂಡಲೇ ಮುಂಭಾಗ ಆಕಾಶ ನೋಡುತ್ತದೆ. ಮೊದಲು ಜೋಡಣೆ, ಮೋಟರ್‌ಹೋಮಿನ ಪಾರ್ಕಿಂಗ್ ಬ್ರೇಕ್, ಆಮೇಲೆ ಕಾರ್ಟ್. ಕಾರ್ಟಿನಲ್ಲಿ ಓಡಿಸುವವರೊಬ್ಬರೇ ಇರಲಿ, ಮಕ್ಕಳಿಗೆ ಈ ಸವಾರಿ ಬೇಡ. ಜೋಡಣೆ ಕೂತಿದೆಯೇ ಎಂದು ತಿಳಿಯಲು ಚಿಲಕ ಹಾಕಿ ಮೂಕಿಯನ್ನು ಜ್ಯಾಕಿನಿಂದ ಮೇಲೆತ್ತಿ. ಮೋಟರ್‌ಹೋಮಿನ ಹಿಂಭಾಗವೂ ಜೊತೆಗೆ ಎದ್ದರೆ ಸರಿ. ಬರೀ ಮೂಕಿ ಎದ್ದರೆ ಹಿಚ್ಚಿನ ಗುಂಡು ಮೂಕಿಯ ತುದಿಯ ಕಪ್ಪಿನೊಳಗೆ ಕೂತಿಲ್ಲ. ಗುಂಡಿನ ಅಳತೆಯೂ ಹೊಂದಬೇಕು. 2 ಇಂಚಿನ ಕಪ್ಪಿಗೆ 1⅞ ಇಂಚಿನ ಗುಂಡು ಹಾಕಿದರೆ ಕೂತಂತೆಯೇ ಕಾಣುತ್ತದೆ, ಮೊದಲ ಹಳ್ಳದಲ್ಲಿ ಕಳಚುತ್ತದೆ. ಸುರಕ್ಷತಾ ಸರಪಳಿಗಳೆರಡನ್ನು ಮೂಕಿಯ ಕೆಳಗೆ ಕತ್ತರಿಯಂತೆ ದಾಟಿಸಿ ಕೊಕ್ಕೆ ಹಾಕಿ. ಅಕಸ್ಮಾತ್ ಕಳಚಿದರೆ ಮೂಕಿ ಆ ಜೋಳಿಗೆಯಲ್ಲಿ ಬೀಳುತ್ತದೆ, ರಸ್ತೆಗೆ ಕುತ್ತುವುದಿಲ್ಲ.

7. ನಾಲ್ಕು ಮೂಲೆಗೆ ನಾಲ್ಕು ಪಟ್ಟಿ

ಕಾರ್ಟಿನ ಪಾರ್ಕಿಂಗ್ ಬ್ರೇಕನ್ನು ನೆಚ್ಚಿಕೊಳ್ಳಬೇಡಿ, ಕುಲುಕಾಟಕ್ಕೆ ಅದು ಬಿಟ್ಟುಕೊಳ್ಳಬಹುದು. ರ್‍ಯಾಚೆಟ್ ಪಟ್ಟಿಗಳನ್ನು ಚಾಸಿಗೋ ಆಕ್ಸಲ್ಲಿಗೋ ಹಾಕಿ. ಬಂಪರು, ಚಾವಣಿಯ ಕಂಬ, ಸ್ಟಿಯರಿಂಗ್ ಇವಾವುವೂ ಕಟ್ಟುವ ಜಾಗಗಳಲ್ಲ. ಎರಡು ಮುಂದಕ್ಕೆ ಎಳೆಯಲಿ, ಎರಡು ಹಿಂದಕ್ಕೆ. ಪಟ್ಟಿಯ ಮೇಲಿನ ಚೀಟಿಯಲ್ಲಿ ದೊಡ್ಡಕ್ಷರದಲ್ಲಿರುವ ಸಂಖ್ಯೆ ಹರಿಯುವ ಭಾರ. ನಿಮಗೆ ಬೇಕಾದ್ದು ಅದರ ಮೂರನೇ ಒಂದರಷ್ಟಿರುವ ಚಿಕ್ಕ ಸಂಖ್ಯೆ. ಉಳಿದ ತುದಿಯನ್ನು ಗಂಟು ಹಾಕಿ, ಇಲ್ಲದಿದ್ದರೆ ಗಾಳಿಗೆ ಬಡಿದು ಬಡಿದು ಕಾರ್ಟಿನ ಬಣ್ಣ ಕೀಳುತ್ತದೆ. ಹೊರಟು ಇಪ್ಪತ್ತೈದು ಮೈಲಿಯಾದ ಮೇಲೆ ಒಮ್ಮೆ ನಿಂತು ಮತ್ತೆ ಬಿಗಿಯಿರಿ. ಹೊಸ ಪಟ್ಟಿ ಸಡಿಲವಾಗದೇ ಇರುವುದಿಲ್ಲ.

8. ಹಾರುವುದನ್ನೆಲ್ಲ ಮೊದಲೇ ತೆಗೆದಿಡಿ

ನಮ್ಮ ಕಾರ್ಟಿನ ಹಿಂದಿನ ಸೀಟಿನ ಮೆತ್ತೆಯೊಂದು ಇಂದಿಗೂ ಅಂತರರಾಜ್ಯ ಹೆದ್ದಾರಿ 20ರ ಪಕ್ಕದ ಪೈನ್ ಮರಗಳ ನಡುವೆ ಎಲ್ಲೋ ಇದೆ. ಹಲವು ಕಾರ್ಟುಗಳ ಸೀಟು ಕೆಳಗಿನ ಬ್ಯಾಟರಿ ನೋಡಲೆಂದು ಸುಮ್ಮನೆ ಎತ್ತಿಡುವಂತೆ ಇರುತ್ತದೆ. 60 ಮೈಲಿ ಗಾಳಿಗೆ ಅದೊಂದು ಗಾಳಿಪಟ. ಹಿಂದೆ ಯಾರ ಕಾರೂ ಇರಲಿಲ್ಲ ಎಂಬುದು ನಮ್ಮ ಪುಣ್ಯ. ಮುಂಗಾಜು ಕಳಚಿ, ಸೀಟುಗಳನ್ನು ಮೋಟರ್‌ಹೋಮಿನೊಳಗೆ ಹಾಕಿ. ಹೆದ್ದಾರಿಯ ವೇಗಕ್ಕೆ ಚಾವಣಿಯನ್ನೂ ತೆಗೆಯಬೇಕೆಂದು ಕಾರ್ಟ್ ಕಂಪನಿಯ ಕೈಪಿಡಿಯೇ ಹೇಳುವುದುಂಟು. ಬೋಲ್ಟು ಬಿಚ್ಚುವುದು ಬೇಸರದ ಕೆಲಸ, ನಿಜ. ಕೀಲಿ ತೆಗೆದಿಡಿ, ಪೆಟ್ರೋಲಿನದಾದರೆ ಇಂಧನದ ಕವಾಟ ಮುಚ್ಚಿ.

ಅಂದಹಾಗೆ, ಆ ದಾರಿಯಲ್ಲೇ ಆಗಸ್ಟಾ ಬರುತ್ತದೆ. ಗಾಲ್ಫ್ ಕಾರ್ಟ್ ತಯಾರಿಸುವ ಇ-ಝಡ್-ಗೋ ಕಂಪನಿ 1954ರಲ್ಲಿ ಹುಟ್ಟಿದ್ದು ಅಲ್ಲೇ, ಇನ್ನೊಂದು ಕಾರ್ಟ್ ಕಂಪನಿಯಾದ ಕ್ಲಬ್ ಕಾರ್‌ನ ಕಾರ್ಖಾನೆಯೂ ಆ ಊರಿನ ಮಗ್ಗುಲಲ್ಲೇ ಇದೆ. ಕಾರ್ಟಿನ ತವರಿನ ಮುಂದೆಯೇ ಅದರ ಮೆತ್ತೆ ಕಳೆದುಕೊಂಡು ಹೋದೆವು.

9. ಕಾಣದ್ದನ್ನು ಕಾಣುವಂತೆ ಮಾಡಿಕೊಳ್ಳಿ

ಎಂಟೂವರೆ ಅಡಿ ಅಗಲದ ಮೋಟರ್‌ಹೋಮಿನ ಹಿಂದೆ ಐದು ಅಡಿಯ ಟ್ರೇಲರ್ ಪಕ್ಕದ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ಅದಕ್ಕಿಂತ ಕೆಟ್ಟದ್ದು, ಕೈಗೆ ಗೊತ್ತಾಗುವುದೂ ಇಲ್ಲ. ಹತ್ತು ಟನ್ನಿನ ಗಾಡಿಗೆ ಮುಕ್ಕಾಲು ಟನ್ನಿನ ಬಾಲ ಯಾವ ಲೆಕ್ಕ? ಟೈರು ಒಡೆದು ಬರೀ ರಿಮ್ಮಿನ ಮೇಲೆ ಮೈಲಿಗಟ್ಟಲೆ ಎಳೆದರೂ ಪಕ್ಕದ ಕಾರಿನವರು ಕೈಬೀಸಿ ಕೂಗುವವರೆಗೆ ತಿಳಿಯದಿರಬಹುದು. ಹಿಂಬದಿಯ ಕ್ಯಾಮೆರಾ ಪ್ರಯಾಣದುದ್ದಕ್ಕೂ ಹಚ್ಚಿರಲಿ. ಟ್ರೇಲರಿನ ಟೈರಿಗೂ ಗಾಳಿ ತೋರಿಸುವ ಸೆನ್ಸರ್ ಹಾಕಿಸಿ. ಟ್ರೇಲರ್ ಟೈರುಗಳಲ್ಲಿ ಅನೇಕವು ಗಂಟೆಗೆ 65 ಮೈಲಿ ಮಿತಿಯವು. ನಮ್ಮ ಮನೆಯಲ್ಲಿ 60 ದಾಟಬಾರದೆಂಬ ಕಟ್ಟಳೆ. ಕ್ಯಾಲಿಫೋರ್ನಿಯಾದಲ್ಲಂತೂ ಏನನ್ನೇ ಎಳೆದರೂ ಕಾನೂನೇ 55ಕ್ಕೆ ನಿಲ್ಲಿಸುತ್ತದೆ. ಬಾಲ ತೂಗಾಡಿದರೆ ಬ್ರೇಕ್ ಜಾಡಿಸಬೇಡಿ. ಸ್ಟಿಯರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ.

10. ರಿವರ್ಸ್ ಬೇಡ

ಗಿಡ್ಡ ಟ್ರೇಲರ್ ಹಿಂದಕ್ಕೆ ಒತ್ತಿದರೆ ಕಣ್ಣುಮಿಟುಕಿಸುವಷ್ಟರಲ್ಲಿ ಮಡಚಿಕೊಳ್ಳುತ್ತದೆ. ಮುಂದಿನಿಂದ ಹೊಕ್ಕು ಮುಂದಿನಿಂದಲೇ ಹೊರಡುವ ‘ಪುಲ್-ಥ್ರೂ’ ಜಾಗ ಕೇಳಿ ಪಡೆಯಿರಿ. ಸಿಗದಿದ್ದರೆ ಕಾರ್ಟ್ ಇಳಿಸಿ, ಹಿಚ್ ಬಿಡಿಸಿ, ಖಾಲಿ ಟ್ರೇಲರನ್ನು ಇಬ್ಬರು ಕೈಯಿಂದಲೇ ತಳ್ಳಿ. ಪೆಟ್ರೋಲ್ ಬಂಕಿನಲ್ಲೂ ಹಾಗೇ, ಹೊರಬೀಳುವ ದಾರಿ ಕಂಡ ಮೇಲೇ ಒಳಗೆ ನುಗ್ಗಿ.

11. ಚಾರ್ಜಿಗೆ ಬೇರೆ ಪ್ಲಗ್ಗು

ಕಾರ್ಟಿನ ಚಾರ್ಜರ್ ಸುಮಾರು 10 ಆಂಪಿಯರ್ ಎಳೆಯುತ್ತದೆ. ಅದನ್ನು ಮೋಟರ್‌ಹೋಮಿನ ಒಳಗಿನ ಪ್ಲಗ್ಗಿಗೆ ಹಾಕಿ, ಎಸಿ ಹಚ್ಚಿ, ಇಡ್ಲಿ ಬೇಯಿಸಹೊರಟರೆ 30 ಆಂಪಿಯರಿನ ಸಂಪರ್ಕ ಟಪ್ ಎನ್ನುತ್ತದೆ. ಹೊರಗಿನ ಕರೆಂಟಿನ ಕಂಬದಲ್ಲಿ ಸಾಮಾನ್ಯವಾಗಿ 20 ಆಂಪಿಯರಿನ ಪ್ರತ್ಯೇಕ ಪ್ಲಗ್ಗು ಇರುತ್ತದೆ, ಅದಕ್ಕೆ ಹಾಕಿ. ತೆಳ್ಳನೆಯ ಎಕ್ಸ್‌ಟೆನ್ಷನ್ ವೈರು ಬಿಸಿಯಾಗುತ್ತದೆ, 12 ಗೇಜಿನದು ಕೊಳ್ಳಿ. ಸೀಸದ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ, ಬಯಲಲ್ಲೇ ಇರಲಿ.

12. ಯಾರು ಓಡಿಸುತ್ತಾರೆ ಎಂದು ಮೊದಲೇ ಗೊತ್ತುಮಾಡಿ

ಒಳರಸ್ತೆಗೆ ಕ್ಯಾಂಪ್‌ಗ್ರೌಂಡಿನ ನಿಯಮ, ಗೇಟಿನಾಚೆ ರಾಜ್ಯದ ಕಾನೂನು. ದಕ್ಷಿಣ ಕೆರೊಲೈನಾದ ಸಾರ್ವಜನಿಕ ರಸ್ತೆಯಲ್ಲಿ ಕಾರ್ಟ್ ಓಡಿಸಲು 16 ವರ್ಷ, ಲೈಸೆನ್ಸು, ವಿಮೆ, ಕಾರ್ಟಿನ ಪರವಾನಗಿ ಎಲ್ಲವೂ ಬೇಕು. ಗಂಟೆಗೆ 20ರಿಂದ 25 ಮೈಲಿ ಓಡುವ, ಸೀಟ್ ಬೆಲ್ಟು, ದೀಪ, ಕನ್ನಡಿ ಇರುವ ಗಾಡಿಗಳನ್ನು 1998ರಿಂದ ಕೇಂದ್ರದ ನಿಯಮ ಬೇರೆ ಜಾತಿಗೇ ಸೇರಿಸಿದೆ. ನೋಡಲು ಕಾರ್ಟಿನಂತೆಯೇ ಇದ್ದರೂ ಅದರ ಕಾಗದಪತ್ರ ಬೇರೆ. ಕಳ್ಳರ ವಿಷಯದಲ್ಲೂ ಒಂದು ಮಾತು. ಒಂದೇ ಕಂಪನಿಯ ಹಳೆಯ ಕಾರ್ಟುಗಳಿಗೆ ಬಹುಪಾಲು ಒಂದೇ ಕೀಲಿ. ನೆರೆಯವರು ತಪ್ಪಿ ನಿಮ್ಮದನ್ನೇ ಏರಿ ಹೋದರೂ ಆಶ್ಚರ್ಯವಿಲ್ಲ. ಕೀಲಿಯ ಗೂಡು ಬದಲಿಸಿ, ಇಲ್ಲವೇ ಸ್ಟಿಯರಿಂಗಿಗೊಂದು ಬೀಗ ಹಾಕಿ.

ಮಾವನ ಬಳಿ ಇದ್ದದ್ದು ಎಂದೋ ಅವಧಿ ಮುಗಿದ ಟ್ರಾಕ್ಟರ್ ಲೈಸೆನ್ಸು. ಸ್ಟಿಯರಿಂಗ್ ಕೊಡಲಾಗಲಿಲ್ಲ. ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಿ, ಕಳೆದುಹೋದ ಮೆತ್ತೆಯ ಬದಲು ಮಡಚಿದ ಜಮಖಾನದ ಮೇಲೆ ಕೂತು, ಕಡಲಿನ ತನಕ ಹಾದಿಯುದ್ದಕ್ಕೂ ಎದುರಾದವರಿಗೆಲ್ಲ ಕೈಮುಗಿಯುತ್ತ ಹೋದರು.